ಪದವಿಯ ಮುಂದಿನ ದಾರಿ

ಈಚೆಗೆ ನನ್ನ ಮೊಮ್ಮಗ ಪದವಿ ಪರೀಕ್ಷೆ ಮುಗಿಸಿ ಮನೆಗೆ ಬಂದ. ನೆರೆಯವರಿಂದ ಹಿಡಿದು ಬೀಗರವರೆಗೆ ಎಲ್ಲರೂ ಕೇಳಿದ್ದು ಒಂದೇ ಮಾತು: "ಮುಂದೇನಪ್ಪಾ?" ಹುಡುಗ ತಲೆ ತಗ್ಗಿಸಿ ನಿಂತುದನ್ನು ಕಂಡಾಗ, ಈ ಪ್ರಶ್ನೆಗೂ ಒಂದು ಇತಿಹಾಸವಿದೆಯಲ್ಲವೆ ಎನಿಸಿತು. ಅವನಿಗೆ ಹೇಳಿದ್ದನ್ನೇ ಈಗ ತಮ್ಮ ಮುಂದೆ ಇಡುತ್ತಿದ್ದೇನೆ.

ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದದ್ದು 1857ರಲ್ಲಿ. ಮರುವರ್ಷ ಕಲಕತ್ತೆಯಿಂದ ಇಬ್ಬರು ಬಿ.ಎ. ಪದವೀಧರರು ಹೊರಬಂದರು. ಅವರಲ್ಲೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಅದೇ ವರ್ಷ ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ಸರಕಾರಿ ಸೇವೆಗೆ ಸೇರಿ 1891ರವರೆಗೂ ಅಲ್ಲಿಯೇ ಇದ್ದರು. ಹೀಗೆ ಪದವಿಗೂ ಕಚೇರಿಗೂ ಮೊದಲಲ್ಲಿಯೇ ಗಂಟು ಬಿತ್ತು. ಆದರೆ ಬಂಗಾಳಿ ಕಾದಂಬರಿಯನ್ನು ಎತ್ತರಕ್ಕೆ ಒಯ್ದವರೂ ಈ ಮ್ಯಾಜಿಸ್ಟ್ರೇಟರೇ. ನೌಕರಿ ಹಿಡಿದವರೆಲ್ಲ ನಾಡಿಗೆ ಎರವಾದರೆನ್ನುವುದು ಅವಸರದ ತೀರ್ಪಾದೀತು.

ಇನ್ನೊಂದು ದಾರಿ ತೆರೆದದ್ದು ಪುಣೆಯಲ್ಲಿ. 1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರೊಡನೆ ತರುಣ ತಿಲಕರು ನ್ಯೂ ಇಂಗ್ಲಿಷ್ ಸ್ಕೂಲನ್ನು ಆರಂಭಿಸಿದರು. ಕಾನೂನು ಪದವಿಯಿದ್ದರೂ ತಿಲಕರು ವಕೀಲಿಯನ್ನು ಆಯ್ದುಕೊಳ್ಳಲಿಲ್ಲ. ಕಡುಬಡತನದಲ್ಲಿ ಓದಿದ ಗೋಪಾಳ ಗಣೇಶ ಆಗರಕರರು, ಮಗ ದೊಡ್ಡ ಸಂಬಳ ತಂದಾನೆಂಬ ಆಸೆ ಬೇಡವೆಂದು ತಾಯಿಗೆ ಪತ್ರ ಬರೆದದ್ದು ಪ್ರಸಿದ್ಧವಾಗಿದೆ. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿ, 1885ರಲ್ಲಿ ಫರ್ಗ್ಯೂಸನ್ ಕಾಲೇಜು ಹುಟ್ಟಿದವು. 1884ರಲ್ಲಿ ಪದವಿ ಪಡೆದ ಗೋಖಲೆಯವರು ಈ ಬಳಗವನ್ನು ಸೇರಿ 1902ರವರೆಗೂ ಪಾಠ ಹೇಳಿದರು.

ಪುಣೆಯ ಈ ಗಾಳಿ ನಮ್ಮತ್ತಲೂ ಬೀಸಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕೆ ಮುನ್ನ ಮುಂಬಯಿ ಪ್ರಾಂತದ ಕನ್ನಡ ಹುಡುಗರು ಪದವಿಗಾಗಿ ಪುಣೆ, ಮುಂಬಯಿಯಂಥ ಊರುಗಳಿಗೆ ಹೋಗಬೇಕಾಗುತ್ತಿತ್ತು. ಹಾಗೆ ಹೋದವರು ಪುಸ್ತಕಗಳ ಜತೆಗೆ ಆ ಶಿಕ್ಷಕರ ಬಾಳನ್ನೂ ಓದಿ ಬಂದರು. 1916ರ ನವೆಂಬರದಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಒಂದು ಶಾಲೆಯನ್ನು ತೆರೆದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಈ ಏಳ್ವರನ್ನು ಜನ ಸಪ್ತರ್ಷಿಗಳೆಂದೇ ಕರೆದರು. ಉದಾರಿಗಳಾದ ದಾನಿಗಳು ಕೈಜೋಡಿಸಿದರು. ಆ ಶಾಲೆಯಿಂದ ಬೆಳೆದದ್ದೇ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆ. 1933ರಲ್ಲಿ ಅದು ಲಿಂಗರಾಜ ಕಾಲೇಜನ್ನೂ ತೆರೆಯಿತು. ಪದವಿಗಾಗಿ ಊರು ಬಿಟ್ಟವರು, ಮುಂದಿನವರು ಊರು ಬಿಡದೆ ಓದುವಂತೆ ಮಾಡಿದರು.

ಏಳು ಹೆಸರುಗಳು ಉಳಿದಿವೆ. ಅವರ ಅಲ್ಪ ಸಂಬಳದಲ್ಲಿ ಮನೆ ತೂಗಿಸಿದ ಹೆಣ್ಣುಮಕ್ಕಳ ಹೆಸರುಗಳನ್ನು ಎಷ್ಟು ಜನ ಬಲ್ಲೆವು? ತ್ಯಾಗವನ್ನು ಹೊಗಳುವಾಗ ಅದರ ಬೆಲೆ ತೆತ್ತವರನ್ನು ಮರೆಯಬಾರದು.

ಇಷ್ಟನ್ನು ಕೇಳಿ ಮೊಮ್ಮಗ, "ಅಜ್ಜಾ, ನೀವು ಯಾವ ದಾರಿ ಹಿಡಿದಿರಿ?" ಎಂದ.

ತಂದೆಯವರ ಸಾಲ ತಲೆಯ ಮೇಲಿತ್ತು. ಪದವಿ ಮುಗಿದ ವರ್ಷವೇ ಕಚೇರಿ ಸೇರಿದೆ. ಅದಕ್ಕಾಗಿ ನನಗೆ ನಾಚಿಕೆಯಿಲ್ಲ. ಸಾಲ ತೀರಿತು, ತಂಗಿಯರ ಮದುವೆಯಾಯಿತು. ಆದರೆ ಕಚೇರಿ ಬಿಟ್ಟ ಮೇಲೆ ಸಂಜೆಗಳು ನನ್ನವೇ ಆಗಿದ್ದವು. ಆ ಮೂವತ್ತು ವರ್ಷದ ಸಂಜೆಗಳಲ್ಲಿ ನಾನು ಓಣಿಯ ಒಂದು ಮಗುವಿಗೂ ಅಕ್ಷರ ಕಲಿಸಲಿಲ್ಲ.

ಅದನ್ನೇ ಅವನಿಗೆ ಹೇಳಿದೆ. ನೌಕರಿ ಹಿಡಿ ಎಂದಾಗಲಿ, ಬಿಡು ಎಂದಾಗಲಿ ಹೇಳಲಿಲ್ಲ.