ಕ್ಯೂಸೆಕ್ ಲೆಕ್ಕ ಮತ್ತು ನದಿ ದಂಡೆಯ ಜನ

1979ರ ಆಗಸ್ಟ್ 11ರಂದು ಗುಜರಾತಿನ ಮಚ್ಚು ನದಿಯ ಎರಡನೇ ಅಣೆಕಟ್ಟು ಒಡೆಯಿತು. ಅದನ್ನು ಕಟ್ಟುವಾಗ ಲೆಕ್ಕ ಹಾಕಿದ್ದ ಪ್ರವಾಹದ ಸುಮಾರು ಮೂರು ಪಟ್ಟು ನೀರು ಬಂದು ಮಣ್ಣಿನ ಏರಿಗಳ ಮೇಲೆ ಹರಿದು, ಅವನ್ನು ಕೊಚ್ಚಿಹಾಕಿತು. ಮಳೆ ಗಾಳಿಗೆ ಟೆಲಿಫೋನ್ ಸಂಪರ್ಕ ಕಡಿದಿತ್ತು. ಕೇವಲ 5 ಕಿಲೋಮೀಟರ್ ಕೆಳಗಿದ್ದ ಮೋರ್ಬಿ ಪಟ್ಟಣಕ್ಕೆ ಸುದ್ದಿಗಿಂತ ಮೊದಲು ನೀರೇ ಬಂದಿತು. ಸತ್ತವರೆಷ್ಟು ಎಂಬುದು ಇಂದಿಗೂ ಖಚಿತವಿಲ್ಲ; ಅಂದಾಜುಗಳು 1,800ರಿಂದ 25,000ದವರೆಗೆ ಇವೆ.

ಇದಾಗಿ 45 ವರ್ಷಗಳ ನಂತರ, 2024ರ ಆಗಸ್ಟ್ 10ರ ರಾತ್ರಿ, ನಮ್ಮ ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನದಿಗೆ ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಈ ಸಲ ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಜನರಿಗೆ ಎಚ್ಚರಿಕೆ ತಲುಪಿತು. ವಾರದೊಳಗೆ ತಾತ್ಕಾಲಿಕ ಗೇಟನ್ನೂ ಕೂರಿಸಲಾಯಿತು. ಆದರೆ ಹರಿದ ನೀರು, ಆ ನದಿ ಮಳೆಗಾಲದಲ್ಲಿ ಕಂಡುಂಡದ್ದಕ್ಕಿಂತ ಹೆಚ್ಚಿನದೇನಲ್ಲ ಎಂಬುದನ್ನೂ ಮರೆಯಬಾರದು.

ಸುದ್ದಿ ತಲುಪಿದರಷ್ಟೇ ಸಾಲದು, ಅರ್ಥವೂ ಆಗಬೇಕು. 1 ಕ್ಯೂಸೆಕ್ ಎಂದರೆ ಸೆಕೆಂಡಿಗೆ 1 ಘನ ಅಡಿ, ಸುಮಾರು 28 ಲೀಟರ್ ನೀರು. ಎಂಜಿನಿಯರರಿಗೆ ಈ ಲೆಕ್ಕ ಬೇಕು. ದಂಡೆಯ ರೈತನಿಗೆ ಬೇಕಾದುದು ಬೇರೆ: ಪಂಪ್‌ಸೆಟ್ ಎತ್ತಬೇಕೆ? ದನಕರುಗಳನ್ನು ಎಲ್ಲಿಗೆ ಹೊಡೆಯಬೇಕು? ನೀರು ಎಷ್ಟು ಹೊತ್ತಿಗೆ ಬಂದೀತು? "ನದಿ ಪಾತ್ರದ ಜನರು ಎಚ್ಚರದಿಂದಿರಬೇಕು" ಎಂಬ ಪ್ರಕಟಣೆಯಲ್ಲಿ ಇದಕ್ಕೆ ಉತ್ತರವಿಲ್ಲ.

ಉತ್ತರ ಹೇಳುವ ಭಾಷೆ ನದಿ ದಂಡೆಯಲ್ಲೇ ಇದೆ. ಹಂಪಿಯ ಪುರಂದರ ಮಂಟಪ ಮುಳುಗಿತೆಂದರೆ, ಕಂಪ್ಲಿ ಸೇತುವೆಗೆ ನೀರು ಮುಟ್ಟಿತೆಂದರೆ ಆ ಸೀಮೆಯವರಿಗೆ ಬೇರೆ ವಿವರಣೆ ಬೇಡ. ಇಷ್ಟು ಕ್ಯೂಸೆಕ್ ಬಿಟ್ಟರೆ ಇಂಥ ಗುರುತಿನವರೆಗೆ, ಇಷ್ಟು ಗಂಟೆಯಲ್ಲಿ ನೀರು ಬರುತ್ತದೆ ಎಂದು ಮೊದಲೇ ಲೆಕ್ಕ ಮಾಡಿ, ಊರ ಮುಂದಿನ ಗೋಡೆಯ ಮೇಲೆ ಬರೆಸಬಹುದು. ಡಂಗುರ ಸಾರುವವನೂ ಟೆಲಿವಿಷನ್ನಿನ ವಾರ್ತೆಯೂ ಅದೇ ಮಾತನ್ನು ಹೇಳಬಹುದು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಲೇಬೇಕು. ಅದು ಕಚೇರಿಯ ಕಪಾಟಿನಲ್ಲಿದ್ದರೆ ದಂಡೆಯವರಿಗೆ ಇದ್ದೂ ಇಲ್ಲದಂತೆ. ನಿಮ್ಮ ಊರು ಅಣೆಕಟ್ಟಿನ ಕೆಳಗಿದ್ದರೆ, ನೀರು ಎಲ್ಲಿಯವರೆಗೆ ಬರಬಹುದು, ಆಗ ಯಾವ ದಾರಿಯಲ್ಲಿ ಹೋಗಬೇಕು ಎಂದು ಮಳೆಗಾಲಕ್ಕೆ ಮುಂಚೆಯೇ ಪಂಚಾಯಿತಿಯಲ್ಲಿ ಕೇಳಿ. ಮೋರ್ಬಿಯ ಜನರಿಗೆ ಕೇಳುವ ಸಮಯವೂ ಸಿಗಲಿಲ್ಲ.