ಕಲ್ಲಿನ ಜಾಲಂಧ್ರವೂ ಕಬ್ಬಿಣದ ತೋಳೂ

ಶಿರಾದಿಂದ ಉತ್ತರಕ್ಕೆ ಹೊರಟು ಆಂಧ್ರದ ಎಲ್ಲೆಯನ್ನು ದಾಟಿದವರಿಗೆ ಎದುರಾಗುವ ಹೇಮಾವತಿಯು ಇಂದು ಮಡಕಶಿರಾ ಸೀಮೆಯ ಒಂದು ಸಾಧಾರಣ ಗ್ರಾಮ. ಆದರೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಪಲ್ಲವರಿಗೆ ರಾಜಧಾನಿಯಾಗಿ, ನೊಳಂಬವಾಡಿ ಮೂವತ್ತೆರಡು ಸಾಸಿರವೆಂದು ಶಾಸನಗಳು ಹೇಳುವ ವಿಸ್ತಾರವಾದ ನಾಡನ್ನು ಅದು ಆಳಿದ ಕಾಲವೊಂದುಂಟು. ಆ ಅರಸರು ತ್ರಿನಯನ ಪಲ್ಲವನಿಂದ ಮೊದಲ್ಗೊಂಡು ತಮ್ಮ ಪೀಳಿಗೆಯನ್ನು ಎಣಿಸಿಕೊಂಡಿರುವ ಸ್ತಂಭಶಾಸನವು ಅಲ್ಲಿಯದೇ. ಅದರ ನುಡಿಯೂ ಕನ್ನಡವೇ. 10ನೆಯ ಶತಮಾನದಲ್ಲಿ ಗಂಗ ಮಾರಸಿಂಹನು ಅವರನ್ನು ಅಡಗಿಸಿ ನೊಳಂಬಕುಲಾಂತಕನೆಂಬ ಬಿರುದನ್ನು ತಾಳಿದನು. ಆ ಬಳಿಕ ಚೋಳರು ಬಂದರು. ಕಾವೇರಿಯ ದಡದ ತಿರುವೈಯಾರಿನಲ್ಲಿ ನೊಳಂಬರ ರೀತಿಯ ಕಂಬಗಳು ನಿಂತಿರುವುದನ್ನು ಕಂಡ ವಿದ್ವಾಂಸರು, ಅವು ರಾಜೇಂದ್ರ ಚೋಳನ ಕಾಲದಲ್ಲಿ ವಿಜಯಚಿಹ್ನೆಗಳಾಗಿ ಈ ನಾಡಿನಿಂದ ಅಲ್ಲಿಗೆ ಹೋದುವೆಂದು ಅಭಿಪ್ರಾಯಪಟ್ಟಿದ್ದಾರೆ. ಉಳಿದ ಶಿಲ್ಪಗಳಲ್ಲಿ ಅನೇಕವು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದುವು; ಸಿ. ಶಿವರಾಮಮೂರ್ತಿಯವರು 1964ರಲ್ಲಿ ಅವನ್ನು ಕುರಿತು ಪುಸ್ತಕವನ್ನೇ ಬರೆದರು.

ಇಷ್ಟೆಲ್ಲ ಹೋದಮೇಲೂ ಹೇಮಾವತಿಯ ದೊಡ್ಡಪ್ಪನ ಗುಡಿಯಲ್ಲಿ ಕಪ್ಪು ಕಲ್ಲಿನ ಜಾಲಂಧ್ರಗಳು ಉಳಿದಿವೆ. ಹಲಗೆಯಂತಹ ಒಂದೇ ಶಿಲೆಯನ್ನು ಆಚೆಯಿಂದೀಚೆಗೆ ಬೆಳಕು ಬರುವಂತೆ ಕೊರೆದು, ಸುತ್ತಿ ಸುತ್ತಿ ಏರುವ ಬಳ್ಳಿಯ ನಡುವೆ ದೇವತಾಮೂರ್ತಿಗಳನ್ನು ಕಂಡರಿಸಿರುವ ಈ ಕಿಟಕಿಗಳ ಸೌಂದರ್ಯವನ್ನು ಕಲಾವಿಮರ್ಶಕರು ಸಾಕಷ್ಟು ಹೊಗಳಿದ್ದಾರೆ. ಅವುಗಳ ಹಿಂದಿನ ಕೈಗೆಲಸದ ಕಷ್ಟವನ್ನು ಕುರಿತು ಯೋಚಿಸಿದವರು ವಿರಳ. ಉಳಿಯ ಮೊನೆಯನ್ನು ಬೇಕಾದ ಬಿಂದುವಿಗೆ ಮುಟ್ಟಿಸುವುದು ರೂವಾರಿಯ ಒಂದು ಕೆಲಸವಾದರೆ, ಮುಟ್ಟಿಸುವಾಗ ಉಳಿಯ ಒಡಲಾಗಲಿ, ಹಿಡಿದ ಬೆರಳಾಗಲಿ, ಬೀಸಿದ ಸುತ್ತಿಗೆಯಾಗಲಿ ನಿನ್ನೆ ಮುಗಿಸಿದ ಬಳ್ಳಿಗೆ ತಾಕದಂತೆ ದಾರಿಯನ್ನು ಕಂಡುಕೊಳ್ಳುವುದು ಮತ್ತೊಂದು, ಮತ್ತು ಅದೇ ಕಠಿನತರವಾದುದು. ಮೂರ್ತಿಯ ಪ್ರಮಾಣಗಳನ್ನು ಶಾಸ್ತ್ರವು ತಾಳಮಾನದಿಂದ ವಿಧಿಸಿತು. ಕೈ ಹೋಗಬೇಕಾದ ದಾರಿಯನ್ನಾದರೋ ಹಿರಿಯ ಕಲ್ಕುಟಿಗನ ಪಕ್ಕದಲ್ಲಿ ಕುಳಿತು, ಬೈಸಿಕೊಂಡು, ಕಲ್ಲನ್ನು ಮುರಿದು ಕಲಿಯಬೇಕಾಗಿದ್ದಿತು. ಅದನ್ನು ಯಾರೂ ಬರೆದಿಡಲಿಲ್ಲ, ಬರೆದಿಡುವ ಅಗತ್ಯವೂ ಬೀಳಲಿಲ್ಲ. ಏಕೆಂದರೆ ಕಲಿಯುವವನಿಗೂ ಕಲಿಸುವವನಂತೆಯೇ ಕಣ್ಣೂ ತೋಳೂ ಇದ್ದುವು.

ಅದೇ ಹೇಮಾವತಿಯಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರು ನಡೆದರೆ ಪೆನುಗೊಂಡೆ. 1565ರ ರಕ್ಕಸತಂಗಡಿಯ ಯುದ್ಧದ ತರುವಾಯ ವಿಜಯನಗರದ ಅರಸೊತ್ತಿಗೆಗೆ ಆಶ್ರಯವಿತ್ತ ಆ ಗಿರಿದುರ್ಗದ ಸಮೀಪದ ಎರ್ರಮಂಚಿ ಎಂಬಲ್ಲಿ, ಕೊರಿಯಾದ ಕಿಯಾ ಸಂಸ್ಥೆಯು ಕಟ್ಟಿಸಿದ ಮೋಟಾರುಕಾರಿನ ಕಾರ್ಖಾನೆಯು 2019ರಿಂದ ನಡೆಯುತ್ತಿದೆ. ಕಾರಿನ ಒಡಲಿನ ತಗಡುಗಳನ್ನು ಬೆಸೆಯುವವರು ಅಲ್ಲಿ ಬಹುತೇಕ ಮನುಷ್ಯರಲ್ಲ, ಯಂತ್ರಬಾಹುಗಳು. ಇಕ್ಕಟ್ಟಾದ ಜಾಗದಲ್ಲಿ ಒಂದೇ ಕಾರಿನ ಸುತ್ತ ಹಲವು ತೋಳುಗಳು ನಿಂತು, ಬಾಗಿಲ ಚೌಕಟ್ಟಿನೊಳಕ್ಕೆ ಬಾಗಿ, ಬೆಸುಗೆಯಿಟ್ಟು, ಒಂದಕ್ಕೊಂದು ತಗುಲದೆ ಹೊರಬರುವುದನ್ನು ನೋಡಿದರೆ, ಕಾಣದವನಿಗೆ ದಾರಿ ತೋರಿಸುವ ಸಮಸ್ಯೆಯು ಇಲ್ಲಿ ಹೇಗೆ ಪರಿಹಾರವಾಯಿತೆಂಬ ಕುತೂಹಲವು ಹುಟ್ಟದಿರದು. ಆ ಪರಿಹಾರಕ್ಕೆ ಎಪ್ಪತ್ತು ವರ್ಷಗಳ ಚರಿತ್ರೆಯಿದೆ.

ಅಮೆರಿಕೆಯ ಜಾರ್ಜ್ ಡೆವೊಲ್ ಎಂಬಾತನು 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1961ರಲ್ಲಿ ಪಡೆದ ಯಂತ್ರವು, ಜೋಸೆಫ್ ಎಂಗೆಲ್‌ಬರ್ಗರನ ಉದ್ಯಮಶೀಲತೆಯಿಂದ ಯೂನಿಮೇಟ್ ಎಂಬ ಹೆಸರು ತಾಳಿ, ಅದೇ 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯೊಂದರಲ್ಲಿ ಅಚ್ಚಿನಿಂದ ಹೊರಬಿದ್ದ ಸುಡುವ ಎರಕಗಳನ್ನು ಎತ್ತಿಡಲು ತೊಡಗಿತು. ಅದಕ್ಕೆ ಕಣ್ಣಿಲ್ಲ, ಅಡ್ಡಿಯೆಂಬುದರ ಅರಿವೂ ಇಲ್ಲ. ಕೆಲಸಗಾರನು ಮೊದಲು ತೋಳನ್ನು ಒಂದೊಂದು ಸ್ಥಾನಕ್ಕೂ ನಡೆಸಿ ತೋರಿಸುವನು. ಕೀಲುಗಳ ಸ್ಥಿತಿಯು ಕಾಂತೀಯ ಉರುಳೆಯಲ್ಲಿ ದಾಖಲಾಗುವುದು. ಬಳಿಕ ಯಂತ್ರವು ಅದನ್ನೇ ಆವರ್ತಿಸುವುದು. 1960ರ ದಶಕದ ಕೊನೆಗೆ ನಾರ್ವೆಯ ಟ್ರಾಲ್‌ಫಾ ಎಂಬ ಕಾರ್ಖಾನೆಯವರು ತಮ್ಮ ಕೈಗಾಡಿಗಳಿಗೆ ಬಣ್ಣ ಹೊಡೆಯುವ ಸಲುವಾಗಿ ಇದನ್ನು ಇನ್ನಷ್ಟು ಮುಂದುವರಿಸಿ, ನುರಿತ ಬಣ್ಣಗಾರನ ಕೈಬೀಸನ್ನೇ ಆದ್ಯಂತವಾಗಿ ಯಂತ್ರಕ್ಕೆ ಹಿಡಿಸಿದರು. ಇವೆರಡೂ ಗುರುಶಿಷ್ಯ ಪದ್ಧತಿಯೇ ಸರಿ. ಶಿಷ್ಯನು ಮಾತ್ರ ಒಮ್ಮೆ ಕಂಡದ್ದನ್ನು ಚಾಚೂ ತಪ್ಪದೆ ಒಪ್ಪಿಸುವ, ಕಂಡದ್ದಕ್ಕಿಂತ ಒಂದಂಗುಲವೂ ಹೆಚ್ಚು ತಿಳಿಯದ ಶಿಷ್ಯ. ಪೆಟ್ಟಿಗೆಯೊಂದನ್ನು ಯಾರಾದರೂ ದಾರಿಗೆ ಅಡ್ಡವಾಗಿ ಇಟ್ಟುಹೋದರೆ, ತೋಳು ಅದನ್ನು ಗುದ್ದಿಯೇ ತೀರುವುದು.

ಅಡ್ಡಿಯನ್ನು ಗಣಿತವಾಗಿ ಕಾಣಲು ಮೊದಲು ಯತ್ನಿಸಿದವರ ಸಾಲಿನಲ್ಲಿ ಕರಾವಳಿಯ ಕನ್ನಡಿಗರ ಕಿವಿಗೆ ಆಪ್ತವಾದ ಒಂದು ಅಡ್ಡಹೆಸರು ಬರುತ್ತದೆಂಬುದನ್ನು ನಮ್ಮಲ್ಲಿ ಹೆಚ್ಚು ಮಂದಿ ಬಲ್ಲಂತಿಲ್ಲ. ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ 1977ರಲ್ಲಿ ಶ್ರೀರಾಮ ಉಡುಪ ಎಂಬವರು ಸಲ್ಲಿಸಿದ ಪ್ರೌಢಪ್ರಬಂಧದ ವಿಷಯವು ಗಣಕವು ನಡೆಸುವ ತೋಳು ಸುತ್ತಲಿನ ವಸ್ತುಗಳಿಗೆ ತಾಕುವುದನ್ನು ಅರಿಯುವುದೂ ತಪ್ಪಿಸುವುದೂ ಆಗಿದ್ದಿತು. ಅದರ ಉಪಾಯವು ಸರಳವೂ ಚಮತ್ಕಾರಯುಕ್ತವೂ ಆದದ್ದು: ತೋಳಿನ ದಪ್ಪವನ್ನು ತೋಳಿನಿಂದ ಕಳೆದು ಅಡ್ಡಿಗಳಿಗೆ ಕೂಡಿಸಿಬಿಟ್ಟರೆ, ದಪ್ಪ ತೋಳು ಬಿಡುವಿನಲ್ಲಿ ನುಸುಳುವುದೇ ಎಂಬ ತೊಡಕಿನ ಪ್ರಶ್ನೆಯು, ಉಬ್ಬಿದ ಅಡ್ಡಿಗಳ ನಡುವೆ ಸಪುರವಾದ ಒಂದು ರೇಖೆಗೋ ಬಿಂದುವಿಗೋ ಹಾದಿಯುಂಟೇ ಎಂಬ ಸುಲಭವಾದ ಪ್ರಶ್ನೆಯಾಗಿ ಮಾರ್ಪಡುವುದು. ಟೊಮಾಸ್ ಲೊಜಾನೊ-ಪೆರೆಸ್ ಎಂಬ ವಿದ್ವಾಂಸನು 1979ರಲ್ಲಿ ಮೈಕೇಲ್ ವೆಸ್ಲಿಯ ಜೊತೆಗೂಡಿಯೂ, 1983ರಲ್ಲಿ ತಾನೊಬ್ಬನೇ ಆಗಿಯೂ ಪ್ರಕಟಿಸಿದ ಲೇಖನಗಳಲ್ಲಿ ಈ ಭಾವನೆಗೆ ವ್ಯಾಪಕವಾದ ಶಾಸ್ತ್ರರೂಪವು ಬಂದಿತು. ತೋಳಿಗೆ ಆರು ಕೀಲುಗಳಿದ್ದರೆ, ಆ ಆರು ಕೋನಗಳನ್ನೇ ಆರು ಅಕ್ಷಗಳನ್ನಾಗಿಸಿ ಒಂದು ಕಲ್ಪಿತ ಆಕಾಶವನ್ನು ರಚಿಸಬೇಕು. ಅದರಲ್ಲಿ ತೋಳಿನ ಒಂದು ಭಂಗಿಯೆಂದರೆ ಒಂದು ಬಿಂದು. ತೋಳು ಏನನ್ನಾದರೂ ತಾಕುವ ಭಂಗಿಗಳೆಲ್ಲವೂ ಸೇರಿ ನಿಷಿದ್ಧ ಪ್ರದೇಶ. ಉಳಿದ ಬಯಲಿನಲ್ಲಿ ಮೊದಲ ಬಿಂದುವಿನಿಂದ ಕಡೆಯ ಬಿಂದುವಿಗೆ ಎಳೆದ ಗೆರೆಯೇ ಚಲನೆಯ ಯೋಜನೆ.

ಆದರೆ ಆ ಆಕಾಶದ ವಿಸ್ತಾರವು ಎದೆಗೆಡಿಸುವಂಥದು. ಒಂದೊಂದು ಕೀಲಿನ ತಿರುಗುವಿಕೆಯನ್ನೂ ಬರಿಯ 100 ಮೆಟ್ಟಿಲುಗಳಾಗಿ ವಿಭಾಗಿಸಿದರೂ ಆರು ಕೀಲುಗಳಿಗೆ ಒಂದು ಲಕ್ಷ ಕೋಟಿ ಭಂಗಿಗಳಾಗುವುವು. ಸೆಕೆಂಡಿಗೆ ಸಾವಿರದಂತೆ ಪರೀಕ್ಷಿಸುತ್ತ ಹೋದರೆ ಮುಗಿಯುವಷ್ಟರಲ್ಲಿ ಮೂವತ್ತು ವರ್ಷಗಳು ಕಳೆದಿರುವುವು. ಮಂಚವನ್ನು ಬಾಗಿಲಿನಿಂದ ಒಳಗೆ ತರುವಾಗ ನಾಲ್ವರು ಸೇರಿ ಓರೆಮಾಡಿ, ಎತ್ತಿ, ಹಿಂದೆ ಸರಿಸಿ, ಮತ್ತೆ ಓರೆಮಾಡಿ ಕೊನೆಗೆ ಒಳಸೇರಿಸುವ ಬವಣೆಯು ಗೃಹಸ್ಥರೆಲ್ಲರಿಗೂ ಗೊತ್ತಿರುವುದೇ. ಪಶ್ಚಿಮದ ಗಣಿತಜ್ಞರು ಅದನ್ನೇ ಪಿಯಾನೋ ಸಾಗಿಸುವವರ ಸಮಸ್ಯೆಯೆಂದು ಕರೆದರು. ಕೀಲುಗಳ ಸಂಖ್ಯೆಯು ಹೆಚ್ಚಿದಂತೆ ಇದು ಗಣಕಕ್ಕೂ ಎಂತಹ ದುಸ್ಸಾಧ್ಯವಾದ ಲೆಕ್ಕವಾಗುವುದೆಂಬುದನ್ನು ಜಾನ್ ರೈಫ್ ಎಂಬಾತನು 1979ರಲ್ಲಿಯೇ ಸಾಧಿಸಿ ತೋರಿಸಿದನು.

ಬಿಡುಗಡೆಯು ಬಂದದ್ದು ಸಂಪೂರ್ಣತೆಯ ಹಟವನ್ನು ಬಿಟ್ಟಮೇಲೆ. 1996ರಲ್ಲಿ ಲಿಡಿಯಾ ಕವ್ರಾಕಿ ಮತ್ತು ಸಂಗಡಿಗರು ಯಾದೃಚ್ಛಿಕವಾಗಿ ಭಂಗಿಗಳನ್ನು ಆರಿಸಿ, ತಾಕದೆ ಇರುವಂತಹವನ್ನು ಮಾತ್ರ ಉಳಿಸಿಕೊಂಡು, ನೆರೆಹೊರೆಯವನ್ನು ಜೋಡಿಸಿ ದಾರಿಗಳ ನಕ್ಷೆಯೊಂದನ್ನು ಹೆಣೆಯುವ ಕ್ರಮವನ್ನು ಮುಂದಿಟ್ಟರು; 1998ರಲ್ಲಿ ಸ್ಟೀವನ್ ಲವಾಲ್ ಎಂಬಾತನು ಆರಂಭದ ಭಂಗಿಯನ್ನೇ ಬೇರಾಗಿಸಿ, ಬಯಲಿನ ಕಡೆಗೆ ಬೇಗಬೇಗನೆ ಕೊಂಬೆಯೊಡೆಯುವ ವೃಕ್ಷದ ಕ್ರಮವನ್ನು ಸೂಚಿಸಿದನು. ಮೂವತ್ತು ವರ್ಷಗಳ ಲೆಕ್ಕವು ಎಷ್ಟೋ ಸಂದರ್ಭಗಳಲ್ಲಿ ಕ್ಷಣಗಳಿಗೆ ಇಳಿಯಿತು. ಹಾಗೆಂದು ದೈವಾಧೀನದ ಈ ಹುಡುಕಾಟವು ಎಲ್ಲೆಡೆಯೂ ಸಲ್ಲುವುದಿಲ್ಲ. ಎರಡು ಬಯಲುಗಳನ್ನು ಕೂಡಿಸುವ ಸಂದು ತೀರ ಕಿರಿದಾಗಿದ್ದರೆ, ಕಣ್ಣುಮುಚ್ಚಿ ಎಸೆದ ಬಿಂದುವು ಆ ಸಂದಿನಲ್ಲಿಯೇ ಬೀಳುವ ಸಂಭವವು ಅತ್ಯಲ್ಪವಷ್ಟೆ. ಈ ಶಾಸ್ತ್ರದಲ್ಲಿ ಇಂದಿಗೂ ಹೆಸರುಗೊಂಡ ಕಷ್ಟವು ಈ ಕಿರುಸಂದಿನದೇ. ಹೇಮಾವತಿಯ ಜಾಲಂಧ್ರವಾದರೋ ಕಿರುಸಂದುಗಳ ಸಮೂಹವೇ ಆಗಿದೆ. ಸಾವಿರ ವರ್ಷಗಳ ಹಿಂದಿನ ರೂವಾರಿಯು ಯಂತ್ರಶಾಸ್ತ್ರವನ್ನು ಬಲ್ಲವನಾಗಿದ್ದನೆಂದು ಹೇಳಹೊರಡುವ ಹುಸಿ ಅಭಿಮಾನಕ್ಕೆ ಇಲ್ಲಿ ಎಡೆಯಿಲ್ಲ. ಅವನ ತೋಳು ನಿತ್ಯವೂ ಮಾಡುತ್ತಿದ್ದ ಕೆಲಸದ ಗಾತ್ರವು ಎಷ್ಟೆಂಬುದನ್ನು ಯಂತ್ರಕ್ಕೆ ಹೇಳಿಕೊಡಹೊರಟ ಬಳಿಕವೇ ನಾವು ಅಳೆಯುವಂತಾಯಿತು, ಅಷ್ಟೆ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆಯಾದ ಊರು ಬೆಂಗಳೂರು. ರಕ್ಷಣಾ ಸಂಶೋಧನೆಯ ಅಂಗವಾಗಿ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರವು 1986ರಲ್ಲಿ ಅಲ್ಲಿ ಸ್ಥಾಪಿತವಾಯಿತು. ಅದರ ನಿರ್ದೇಶಕರಾಗಿದ್ದ ಎಂ. ವಿದ್ಯಾಸಾಗರ್ ಅವರು ಮಾರ್ಕ್ ಸ್ಪಾಂಗ್ ಜೊತೆ 1989ರಲ್ಲಿ ಹೊರತಂದ ಪಠ್ಯಗ್ರಂಥವು ಅನೇಕ ದೇಶಗಳ ವಿದ್ಯಾರ್ಥಿಗಳ ಕೈಪಿಡಿಯಾಯಿತು. ಆದರೆ ವಿದ್ವತ್ತಿನ ಚರಿತ್ರೆ ಬೇರೆ, ಕಾರ್ಖಾನೆಯ ಚರಿತ್ರೆ ಬೇರೆ. ಬೆಸುಗೆಯ ತೋಳು ಒಂದೇ ಮಾದರಿಯ ಕಾರಿಗೆ ಒಂದೇ ಚಲನೆಯನ್ನು ಸಹಸ್ರಾರು ಸಲ ಆವರ್ತಿಸಬೇಕಾಗಿರುವುದರಿಂದ, ಪ್ರತಿ ಸಲವೂ ಹೊಸದಾಗಿ ದಾರಿ ಹುಡುಕುವ ಬುದ್ಧಿಯು ಅಲ್ಲಿ ಅನಗತ್ಯ. ಹಾಗೆ ಹುಡುಕಿದ ದಾರಿಯು ಸಲಸಲಕ್ಕೂ ಬದಲಾಗುವುದಾದರೆ ಅನರ್ಥವೂ ಹೌದು. ಅದರಿಂದಾಗಿ ಕಾರ್ಖಾನೆಗಳು ಸಾಮಾನ್ಯವಾಗಿ ದಾರಿಯನ್ನು ಗಣಕದ ಪರದೆಯ ಮೇಲೆ ಮುಂಚಿತವಾಗಿಯೇ ರಚಿಸಿ, ಎರಡು ತೋಳುಗಳು ಹಂಚಿಕೊಳ್ಳುವ ಎಡೆಯನ್ನು ನಿರ್ಬಂಧಿತ ವಲಯವೆಂದು ಗುರುತಿಸಿ, ಒಂದು ಅದರೊಳಗಿರುವ ತನಕ ಇನ್ನೊಂದನ್ನು ಹೊರಗೆ ನಿಲ್ಲಿಸುವ ಸಂಕೇತವನ್ನು ಇಟ್ಟುಕೊಳ್ಳುತ್ತವೆ. ಒಂಟಿ ಹಳಿಯ ರೈಲುಮಾರ್ಗದವರು ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮವೂ ಇದೇ.

ಕಲ್ಲಿನ ಕೆಲಸಕ್ಕೂ ಯಂತ್ರಬಾಹುವು ಬಂದಿದೆ. ಇಟಲಿಯ ಕರಾರಾದಲ್ಲಿ, ಹಿಂದೆ ಮೈಕೆಲಾಂಜೆಲೊ ಅಮೃತಶಿಲೆಯನ್ನು ಆರಿಸಿ ತರುತ್ತಿದ್ದ ಗಣಿಗಳ ಸೀಮೆಯಲ್ಲಿ, ಅಂತಹ ತೋಳುಗಳು ವಜ್ರದ ಮೊನೆಯ ಉಪಕರಣವನ್ನು ಹಿಡಿದು ಶಿಲ್ಪಗಳನ್ನು ಕಡೆಯುತ್ತಿವೆ. ಅಲ್ಲಿ ಆಕೃತಿಯು ಪ್ರತಿ ಸಲವೂ ಹೊಸದು. ಕಲ್ಲು ಕಡಿಮೆಯಾದಂತೆಲ್ಲ ಅಡ್ಡಿಯ ರೂಪವೂ ಬದಲಾಗುತ್ತ ಹೋಗುವುದು. ಆದುದರಿಂದ ತಾಕದೆ ನಡೆಯುವ ದಾರಿಯ ಲೆಕ್ಕವು ಕಾರಿನ ಬೆಸುಗೆಗಿಂತಲೂ ಅಲ್ಲಿಗೇ ಹೆಚ್ಚು ಸಲ್ಲುವುದೆಂದು ನನ್ನ ಎಣಿಕೆ. ಒರಟು ಕೆಲಸವನ್ನೆಲ್ಲ ಯಂತ್ರವು ಮುಗಿಸಿದ ಮೇಲೆ ಕಡೆಯ ನಯಗಾರಿಕೆಗೆ ಶಿಲ್ಪಿಗಳೇ ಉಳಿಯೆತ್ತಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿಯೂ ಗಣಕವು ರಚಿಸಿದ ದಾರಿಯನ್ನು ನಂಬಿ ಯಾರೂ ಒಮ್ಮೆಗೇ ತೋಳನ್ನು ಪೂರ್ಣವೇಗದಲ್ಲಿ ಓಡಿಸುವುದಿಲ್ಲ. ಕಲಿಸುವಾಗ ತೋಳಿನ ವೇಗವು ಸೆಕೆಂಡಿಗೆ 250 ಮಿಲಿಮೀಟರನ್ನು ಮೀರಕೂಡದೆಂಬುದು ಅಂತರರಾಷ್ಟ್ರೀಯ ಸುರಕ್ಷತಾ ನಿಯಮ. ಆ ನಿಧಾನಗತಿಯಲ್ಲಿ, ಒತ್ತಿ ಹಿಡಿದಿರುವಷ್ಟು ಕಾಲ ಮಾತ್ರ ಚಲನೆಗೆ ಅನುಮತಿಯೀಯುವ ಗುಂಡಿಯ ಮೇಲೆ ಬೆರಳಿಟ್ಟು, ಆಪರೇಟರನು ದಾರಿಯನ್ನು ಮೊದಲಿನಿಂದ ಕಡೆಯವರೆಗೆ ಒಮ್ಮೆ ನಡೆಸಿ ನೋಡುತ್ತಾನೆ, ಮತ್ತು ಬೇಕಾದೆಡೆಯಲ್ಲಿ ಒಂದೆರಡು ಬಿಂದುಗಳನ್ನು ಕೈಯಿಂದಲೇ ತಿದ್ದುತ್ತಾನೆ.