ಸೋಡಾ ಬಾಟಲಿಯಲ್ಲೇ ಪಿಎಸ್‌ಎಲ್‌ವಿ: ಮಕ್ಕಳ ರಾಕೆಟ್‌ಗೆ ಏನು ಬೇಕು, ಏನು ಬೇಡ

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲೆ ಇಳಿದ ದಿನ ಅದು. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. ಈ ಎರಡು ಹೊತ್ತಿನಲ್ಲಿ ಶಾಲೆಗಳಲ್ಲಿ ಥರ್ಮಕೋಲ್ ರಾಕೆಟ್ ಮಾಡಿ ಮೇಜಿನ ಮೇಲೆ ನಿಲ್ಲಿಸುವುದು ರೂಢಿ. ಆದರೆ ಹಾರದ ರಾಕೆಟ್ ನೋಡಿ ಮಕ್ಕಳು ಕಲಿಯುವುದು ಕಡಿಮೆ. ಹಾರುವುದನ್ನೇ ಮಾಡಬಹುದು, ದೊಡ್ಡ ಖರ್ಚೇನೂ ಇಲ್ಲ.

ಮೊದಲು ಬೇಡದ್ದನ್ನು ಹೇಳಿಬಿಡೋಣ. ಪಟಾಕಿ ಬಿಚ್ಚಿ ಮದ್ದು ತೆಗೆದು ಪೈಪಿಗೆ ತುಂಬುವ ಪ್ರಯೋಗ ಯಾವ ಕಾರಣಕ್ಕೂ ಬೇಡ. ಕಬ್ಬಿಣದ್ದಾಗಲಿ ಪಿವಿಸಿಯದ್ದಾಗಲಿ, ಮದ್ದು ತುಂಬಿದ ಪೈಪ್ ಎಂದರೆ ಬಾಂಬೇ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು ಕಾನೂನು ಪ್ರಕಾರ ಅಪರಾಧ ಕೂಡ. ಪ್ರತಿ ದೀಪಾವಳಿಗೂ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಕಣ್ಣಿಗೆ ಪೆಟ್ಟಾದ ಮಕ್ಕಳು ಬರುತ್ತಲೇ ಇರುತ್ತಾರೆ. ಅಂಗಡಿಯವರು ಸಹ ಬಿಡಿ ಮದ್ದು, ಗಂಧಕ ಕೇಳಿಕೊಂಡು ಬರುವ ಹುಡುಗರಿಗೆ ಕೊಡದೆ ಕಳಿಸಿದರೆ ದೊಡ್ಡ ಉಪಕಾರ.

ಅಮೆರಿಕದಲ್ಲಿ ಇದೇ ಅನಾಹುತ ಹಿಂದೆ ಆಗಿತ್ತು. 1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಅಲ್ಲಿನ ಹುಡುಗರು ಮನೆಯಲ್ಲೇ ರಾಕೆಟ್ ಮಾಡಹೋಗಿ ಕೈಬೆರಳು ಕಳೆದುಕೊಂಡರು. ಇದಕ್ಕೆ ದಾರಿ ಹುಡುಕಿದವರಲ್ಲಿ ಮೊದಲಿಗರು ವಿಜ್ಞಾನಿಯಲ್ಲ, ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್. ಅಣ್ಣತಮ್ಮಂದಿರಿಬ್ಬರೂ ಸೇರಿ 1954ರಲ್ಲೇ ಕಾಗದದ ಕೊಳವೆಯ, ಪ್ಯಾರಾಚೂಟ್‌ನಲ್ಲಿ ಇಳಿಯುವ ಪುಟ್ಟ ರಾಕೆಟ್ ಮಾಡಿದ್ದರು. ಕಾರ್ಖಾನೆಯಲ್ಲೇ ತುಂಬಿ ಬರುವ ಅಂಥ ರಟ್ಟಿನ ಮೋಟಾರು ನಮ್ಮ ಪೇಟೆಗಳಲ್ಲಿ ಸಿಗುವುದಿಲ್ಲ. ಹಾಗಾಗಿ ನಮಗೆ ಸರಿಹೊಂದುವುದು ನೀರಿನ ರಾಕೆಟ್.

ಅಳತೆ ಹೀಗೆ ಹಾಕಿ

ಪಿಎಸ್‌ಎಲ್‌ವಿ 44 ಮೀಟರ್ ಎತ್ತರ, 2.8 ಮೀಟರ್ ಅಗಲ. 2 ಲೀಟರ್ ಬಾಟಲಿಯ ಅಗಲ ಸುಮಾರು 11 ಸೆಂ.ಮೀ. ಅದೇ ಅನುಪಾತದಲ್ಲಿ ಹೋದರೆ ರಾಕೆಟ್ 173 ಸೆಂ.ಮೀ., ಅಂದರೆ ಆಳೆತ್ತರ ಆಗಿಬಿಡುತ್ತದೆ. 7 ಸೆಂ.ಮೀ. ಅಗಲದ ಸಣ್ಣ ಬಾಟಲಿ ತೆಗೆದುಕೊಂಡರೆ ಲೆಕ್ಕ ಸಲೀಸು: 1:40, ಎತ್ತರ 110 ಸೆಂ.ಮೀ. ಬಾಟಲಿಯ ಮೇಲಿನ ಭಾಗಕ್ಕೆ ಚಾರ್ಟ್ ಪೇಪರ್ ಸುತ್ತಿದ ಕೊಳವೆ ಸಾಕು. ಬುಡದ ಸುತ್ತ ಇರುವ ಆರು ಬೂಸ್ಟರ್‌ಗಳ ಅಗಲ ಅಸಲಿಯಲ್ಲಿ 1 ಮೀಟರ್, ಇಲ್ಲಿ 2.5 ಸೆಂ.ಮೀ. ಖಾಲಿ ಅಗರಬತ್ತಿ ಕೊಳವೆ ಹೆಚ್ಚುಕಡಿಮೆ ಅದೇ ಅಳತೆ.

ತೂಕದ ಪ್ರಶ್ನೆಯನ್ನು ಮಕ್ಕಳಿಗೇ ಕೇಳಿ. ಅಸಲಿ ರಾಕೆಟ್ 320 ಟನ್. 40ನ್ನು ಮೂರು ಸಲ ಗುಣಿಸಿದರೆ 64,000. ಭಾಗಿಸಿದರೆ ಮಾದರಿ 5 ಕಿಲೋ ತೂಗಬೇಕು! ನಮ್ಮದು ಕೆಲವು ನೂರು ಗ್ರಾಂ ಅಷ್ಟೆ. ಉಳಿದದ್ದೆಲ್ಲಿ ಹೋಯಿತು? ಅಸಲಿಯ ತೂಕದ ಬಹುಪಾಲು ಇಂಧನವೇ. ಪಠ್ಯದಲ್ಲಿ ಓದಿದರೆ ಮರೆಯುವ ಈ ವಿಷಯ, ಲೆಕ್ಕ ಹಾಕಿದ ಹುಡುಗನಿಗೆ ಮರೆಯೋದಿಲ್ಲ.

ಬಾಟಲಿ ಮಾತ್ರ ಸೋಡಾ ಅಥವಾ ತಂಪು ಪಾನೀಯದ್ದೇ ಆಗಬೇಕು. ಕುಡಿಯುವ ನೀರಿನ ಬಾಟಲಿ ತೆಳು, ಒತ್ತಡ ತಡೆಯುವುದಿಲ್ಲ. ಗೀರು ಬಿದ್ದದ್ದು, ಬಿಸಿಲಲ್ಲಿ ಒಣಗಿದ್ದು ಬೇಡ. ಅದಕ್ಕೆ ತೂತು ಹಾಕಬೇಡಿ, ಬಿಸಿ ಗಮ್ ತಾಗಿಸಬೇಡಿ, ಟೇಪ್ ಸಾಕು.

ಅಸಲಿ ರಾಕೆಟ್‌ಗೆ ದೊಡ್ಡ ರೆಕ್ಕೆಗಳಿಲ್ಲ, ಅದರ ದಾರಿ ತಿದ್ದಲು ಕಂಪ್ಯೂಟರ್ ಇದೆ. ನಮ್ಮದಕ್ಕೆ ರೆಕ್ಕೆ ಇಲ್ಲದಿದ್ದರೆ ಮೇಲೇರುತ್ತಲೇ ಪಲ್ಟಿ. ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ ತುಂಡುಗಳಿಂದ ಬುಡಕ್ಕೆ, ಅಂದರೆ ಬಾಟಲಿಯ ಬಾಯಿಯ ಕಡೆಗೆ, ನಾಲ್ಕು ರೆಕ್ಕೆ ಅಂಟಿಸಿ. ಮಾದರಿಯ ಅಂದ ಕೆಡಬಾರದು ಅನ್ನುವವರು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಳಸಬಹುದು. ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ. ಆಮೇಲೆ ರಾಕೆಟ್ ಸಮತೂಕ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಮೇಲೆ ಗಿರಗಿರ ತಿರುಗಿಸಿ. ಮೂತಿ ಮುಂದಾಗಿ ಓಡಿದರೆ ಹಾರಿಸಬಹುದು. ಅಡ್ಡಾದಿಡ್ಡಿ ತಿರುಗಿದರೆ ಮೂತಿಗೆ ಇನ್ನಷ್ಟು ಮಣ್ಣು. ಟಿಪ್ಪು ಕಾಲದ ಮೈಸೂರು ರಾಕೆಟ್‌ನ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದದ್ದೂ ನೇರ ಹೋಗಲಿ ಅಂತಲೇ. 2018ರಲ್ಲಿ ಹೊಸನಗರ ತಾಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದ್ದು ಹಲವರಿಗೆ ನೆನಪಿರಬಹುದು.

ಹಾರಿಸುವ ದಿನ

ಬಿಗಿಯಾದ ರಬ್ಬರ್ ಬಿರಡೆಯ ಮಧ್ಯೆ ಫ್ರಿಡ್ಜ್ ರಿಪೇರಿಯವರ ಬಳಿ ಸಿಗುವ ಸಣ್ಣ ತಾಮ್ರದ ಕೊಳವೆ ತೂರಿಸಿ. ಅದಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್‌ನ ಪೈಪ್ ಹಾಕಿ ಕ್ಲಾಂಪ್ ಬಿಗಿಯಿರಿ. ಪೈಪಿನ ಇನ್ನೊಂದು ತುದಿಗೆ ಪಂಕ್ಚರ್ ಅಂಗಡಿಯ ಟ್ಯೂಬ್‌ಲೆಸ್ ವಾಲ್ವ್. ವಾಲ್ವ್ ಪಂಪಿನ ಕಡೆಗೇ ಇರಲಿ, ಯಾಕೆಂದರೆ ರಾಕೆಟ್ ಹಾರದೆ ನಿಂತುಬಿಟ್ಟರೆ ಹತ್ತಿರ ಹೋಗದೆ ದೂರದಿಂದಲೇ ಪಿನ್ ಒತ್ತಿ ಗಾಳಿ ಬಿಡಬಹುದು. ಬಾಟಲಿಗೆ ಮೂರರಲ್ಲೊಂದು ಭಾಗ ನೀರು ಸಾಕು. ತಾಮ್ರದ ಕೊಳವೆಯ ತುದಿ ನೀರಿಗಿಂತ ಮೇಲೆ ಬರಬೇಕು. ಬಿರಡೆಯನ್ನು ನೆಲಕ್ಕೆ ಗಟ್ಟಿಯಾಗಿ ಕೂರಿಸಿದ ಸ್ಟ್ಯಾಂಡಿಗೆ ಕಟ್ಟಿ.

ಮೀಟರ್ ಇರುವ ಪಂಪೇ ಬೇಕು, 60 ಪಿಎಸ್‌ಐ ದಾಟಬಾರದು. ಪಂಪ್ ಹೊಡೆಯುವುದು ದೊಡ್ಡವರ ಕೆಲಸ, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು ಕನಿಷ್ಠ 10 ಮೀಟರ್ ದೂರ. ಕರೆಂಟ್ ತಂತಿ, ಹೆಂಚಿನ ಮನೆ ಹತ್ತಿರವಿಲ್ಲದ ಮೈದಾನ ನೋಡಿಕೊಳ್ಳಿ.

ಮೊದಲು ನೀರಿಲ್ಲದೆ ಒಂದು ಸಲ ಹಾರಿಸಿ ತೋರಿಸಿ. ಪುಸ್ಸೆಂದು ಸ್ವಲ್ಪವೇ ಎದ್ದು ಬೀಳುತ್ತದೆ. ನೀರು ಹಾಕಿದಾಗ ಕಂಬದ ಎತ್ತರ ದಾಟುತ್ತದೆ. ಹಿಂದಕ್ಕೆ ತಳ್ಳುವ ವಸ್ತು ಭಾರವಾದಷ್ಟೂ ಮುಂದಕ್ಕೆ ನೂಕು ಜಾಸ್ತಿ. ನ್ಯೂಟನ್‌ನ ಮೂರನೇ ನಿಯಮ ಇದೇ.

ಎತ್ತರ ಅಳೆಯಲು ಎಸ್‌ಎಸ್‌ಎಲ್‌ಸಿ ಮಕ್ಕಳನ್ನು 50 ಮೀಟರ್ ದೂರ ನಿಲ್ಲಿಸಿ. ಕೋನಮಾಪಕಕ್ಕೆ ದಾರ ಕಟ್ಟಿ ತುದಿಗೊಂದು ನಟ್ ತೂಗಿಬಿಟ್ಟರೆ ಅದೇ ಉಪಕರಣ. ರಾಕೆಟ್ ತುತ್ತತುದಿಯಲ್ಲಿದ್ದಾಗ ಕೋನ 30 ಡಿಗ್ರಿ ಬಂದರೆ ಎತ್ತರ ಸುಮಾರು 29 ಮೀಟರ್, 45 ಬಂದರೆ 50 ಮೀಟರ್. ಇದಕ್ಕೆ ಅಳೆದವರ ಕಣ್ಣಿನ ಎತ್ತರವನ್ನೂ ಕೂಡಿಸಬೇಕು, ಮಕ್ಕಳು ಮರೆಯುವುದು ಅದನ್ನೇ.